ಕಣಮಳೆಯ ಲೆಕ್ಕ: ವಾತಾವರಣಕ್ಕೆ ಸುರಿಯುವ ಶಕ್ತಿಯನ್ನು ಉಪಗ್ರಹ ಅಳೆಯೋದು ಹೇಗೆ?

ನಮ್ಮ ಇಸಿಇ ಗೆಳೆಯರಲ್ಲಿ ಕೆಲವರಿಗಾದರೂ ಈ ಹುಚ್ಚು ಗೊತ್ತಿರುತ್ತೆ. ಎರಡು ಅಲ್ಯೂಮಿನಿಯಂ ಕಡ್ಡಿ ಜೋಡಿಸಿ ವಿ ಆಕಾರದ ಆ್ಯಂಟೆನಾ ಮಾಡೋದು, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅನ್ನು ಲ್ಯಾಪ್‌ಟಾಪ್‌ಗೆ ಹಾಕಿ ಟೆರೇಸ್ ಹತ್ತೋದು, 137 ಮೆಗಾಹರ್ಟ್ಸ್ ಹತ್ತಿರ ನೋವಾ-15, 18 ಅಥವಾ 19 ಉಪಗ್ರಹ ತಲೆ ಮೇಲೆ ಹಾದು ಹೋಗುವಾಗ ಮೋಡದ ಚಿತ್ರ ಹಿಡಿಯೋದು. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ ಈ ಮೂರನ್ನೂ 2025ರಲ್ಲಿ ಸೇವೆಯಿಂದ ಕೆಳಗಿಳಿಸಿತು. ಹವ್ಯಾಸಿಗಳಿಗೆಲ್ಲ ಬೇಜಾರಾಯಿತು.

ಆದ್ರೆ ಚಿತ್ರ ಹಿಡಿದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಪೆಟ್ಟಿಗೆ ಈ ಉಪಗ್ರಹಗಳಲ್ಲಿ ಇತ್ತು. ಅದಕ್ಕೂ ಮೋಡಕ್ಕೂ ಸಂಬಂಧವಿಲ್ಲ. ಬಾಹ್ಯಾಕಾಶದಿಂದ ನಮ್ಮ ವಾತಾವರಣದ ಮೇಲೆ ಸುರಿಯುವ ಎಲೆಕ್ಟ್ರಾನ್, ಪ್ರೋಟಾನ್‌ಗಳನ್ನು ಒಂದೊಂದಾಗಿ ಎಣಿಸುವುದು ಅದರ ಕೆಲಸ. ಹೆಸರು ಸ್ಪೇಸ್ ಎನ್ವಿರಾನ್‌ಮೆಂಟ್ ಮಾನಿಟರ್, ಚಿಕ್ಕದಾಗಿ ಸೆಮ್. 1978ರ ಟೈರೋಸ್-ಎನ್‌ನಿಂದ ಶುರುವಾಗಿ, 1998ರಲ್ಲಿ ನೋವಾ-15ರ ಜೊತೆ ಸೆಮ್-2 ಆಗಿ ಸುಧಾರಿಸಿ, ಯುರೋಪಿನ ಮೆಟಾಪ್ ಉಪಗ್ರಹಗಳಲ್ಲೂ ಇದು ಹಾರಿತು. ಇಷ್ಟು ದೀರ್ಘ ಕಾಲ ಕಣಮಳೆಯನ್ನು ಬಿಡದೆ ಎಣಿಸಿದ ಉಪಕರಣ ಸಿಗುವುದು ಅಪರೂಪ.

ಎಣಿಸಿದರೆ ಆಯ್ತಲ್ಲ, ಶಕ್ತಿ ಎಷ್ಟು ಅಂತ ಗುಣಿಸಿದರೆ ಬಂತಲ್ಲ ಅನ್ನಿಸಬಹುದು. ತೊಡಕು ಇರೋದೇ ಅಲ್ಲಿ. ಎಣಿಕೆಯಿಂದ ಗಿಗಾವ್ಯಾಟ್‌ವರೆಗಿನ ದಾರಿಯಲ್ಲಿ ಏನೇನಿದೆ ಅಂತ ನೋಡೋಣ.

ಎಷ್ಟು ಶಕ್ತಿ, ಅದರಿಂದ ಏನು?

ಶಾಂತ ದಿನಗಳಲ್ಲಿ ಒಂದು ಅರ್ಧಗೋಳದ ಧ್ರುವಪ್ರದೇಶಕ್ಕೆ ಕಣಗಳು ತರುವ ಶಕ್ತಿ ಕೆಲವು ಗಿಗಾವ್ಯಾಟ್‌ನಿಂದ ಸುಮಾರು 20 ಗಿಗಾವ್ಯಾಟ್. ದೊಡ್ಡ ಸೌರ ಬಿರುಗಾಳಿಯ ಹೊತ್ತಿನಲ್ಲಿ ಇದು 100 ದಾಟುತ್ತೆ. ರಾಯಚೂರು ಶಾಖೋತ್ಪನ್ನ ಕೇಂದ್ರದ ಪೂರ್ಣ ಸಾಮರ್ಥ್ಯ 1.72 ಗಿಗಾವ್ಯಾಟ್. ಅಂದ್ರೆ 100 ಗಿಗಾವ್ಯಾಟ್‌ಗೆ ಅಂಥ 58 ಕೇಂದ್ರಗಳು ಬೇಕು.

ಆದರೆ ಸೂರ್ಯನ ಬೆಳಕಿನ ಮುಂದೆ ಇದು ಏನೂ ಅಲ್ಲ. ಪ್ರತಿ ಚದರ ಮೀಟರಿಗೆ 1361 ವ್ಯಾಟ್‌ನಂತೆ ಭೂಮಿಗೆ ಬೀಳುವ ಒಟ್ಟು ಬೆಳಕು ಸುಮಾರು 17.4 ಕೋಟಿ ಗಿಗಾವ್ಯಾಟ್. ಬಿರುಗಾಳಿಯ ದಿನದ ಕಣಶಕ್ತಿ ಅದರ 17 ಲಕ್ಷದಲ್ಲಿ ಒಂದು ಪಾಲು. ಹಾಗಿದ್ರೂ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಯಾಕಂದ್ರೆ ಅದು ಬೀಳುವ ಜಾಗ ಬೇರೆ. ಬೆಳಕಿನ ಬಹುಪಾಲು ನೆಲಕ್ಕೆ, ಕಡಲಿಗೆ ಬರುತ್ತೆ. ಕಣಗಳು ನಿಲ್ಲುವುದು ಮೇಲೆ, ಗಾಳಿ ತೆಳುವಾಗಿರುವ ಕಡೆ. 100 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ್ದಕ್ಕಿಂತ ಸುಮಾರು 20 ಲಕ್ಷ ಪಟ್ಟು ಕಡಿಮೆ. ಅಲ್ಲಿ ಸ್ವಲ್ಪ ಶಕ್ತಿಯೂ ದೊಡ್ಡ ಬದಲಾವಣೆ ತರುತ್ತೆ.

ಯಾವ ಕಣ ಎಲ್ಲಿ ನಿಲ್ಲುತ್ತೆ ಅನ್ನೋದು ಅದರ ಶಕ್ತಿಯ ಮೇಲೆ ನಿಂತಿದೆ. ಕೆಲವು ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಇನ್ನು ಮುಂದೆ ಕೆಇವಿ) ಶಕ್ತಿಯ ಎಲೆಕ್ಟ್ರಾನ್ 100ರಿಂದ 150 ಕಿಲೋಮೀಟರ್ ಎತ್ತರದಲ್ಲೇ ಖಾಲಿಯಾಗುತ್ತೆ. ಧ್ರುವಪ್ರಭೆಯ ಹಸಿರು ಬೆಳಕು ಕೊಡುವುದು ಇಂಥವೇ. 30 ಕೆಇವಿ ಇದ್ದರೆ ಸುಮಾರು 90 ಕಿಲೋಮೀಟರ್‌ವರೆಗೆ, 300 ಕೆಇವಿ ಇದ್ದರೆ ಸುಮಾರು 70ರವರೆಗೆ, 1000 ಕೆಇವಿ ಇದ್ದರೆ ಸುಮಾರು 60ರವರೆಗೆ ಇಳಿಯುತ್ತೆ.

ಮೇಲೆ ನಿಲ್ಲುವ ಕಣಗಳು ಗಾಳಿಯನ್ನು ಬಿಸಿ ಮಾಡುತ್ತವೆ, ಜೊತೆಗೆ ಅದರ ವಿದ್ಯುತ್ ವಾಹಕತೆ ಹೆಚ್ಚಿಸುತ್ತವೆ. ವಾಹಕತೆ ಹೆಚ್ಚಿದರೆ ಅಲ್ಲಿ ಹರಿಯುವ ಪ್ರವಾಹವೂ ಹೆಚ್ಚು, ಜೂಲ್ ತಾಪವೂ ಹೆಚ್ಚು. ಬಿರುಗಾಳಿಯಲ್ಲಿ ಈ ಜೂಲ್ ತಾಪವೇ ಕಣಗಳ ನೇರ ತಾಪವನ್ನು ಮೀರಿಸುತ್ತೆ. ಬಿಸಿಯಾದ ಗಾಳಿ ಉಬ್ಬಿ ಮೇಲೇರುತ್ತೆ, ಕೆಳಕಕ್ಷೆಯ ಉಪಗ್ರಹಗಳಿಗೆ ಎಳೆತ ಜಾಸ್ತಿಯಾಗುತ್ತೆ. 2022ರ ಫೆಬ್ರವರಿ 3ರಂದು ಉಡಾವಣೆಯಾದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 40ರ ಆಸುಪಾಸು ಬಿದ್ದುಹೋದದ್ದು ಹೀಗೇ. ಅವತ್ತಿನದು ಮಹಾ ಬಿರುಗಾಳಿಯೇನೂ ಅಲ್ಲ, ಸಣ್ಣದು. ಆದ್ರೆ ಅವು ಇದ್ದದ್ದು ಸುಮಾರು 210 ಕಿಲೋಮೀಟರ್ ಎತ್ತರದಲ್ಲಿ.

ಕೆಳಗೆ ಇಳಿಯುವ ಕಣಗಳ ಕಥೆ ರಸಾಯನಶಾಸ್ತ್ರದ್ದು. ಗಾಳಿಯಲ್ಲಿ ಒಂದು ಅಯಾನು ಜೋಡಿ ಹುಟ್ಟಲು ಸರಾಸರಿ 35 ಎಲೆಕ್ಟ್ರಾನ್‌ವೋಲ್ಟ್ ಸಾಕು. 60 ಕೆಇವಿ ಎಲೆಕ್ಟ್ರಾನ್ ಒಂದೇ ಸುಮಾರು 1700 ಜೋಡಿ ಹುಟ್ಟಿಸುತ್ತೆ. ಇವುಗಳಿಂದ ಸಾರಜನಕದ ಆಕ್ಸೈಡ್‌ಗಳೂ ಜಲಜನಕದ ಆಕ್ಸೈಡ್‌ಗಳೂ ಉಂಟಾಗಿ ಓಝೋನ್ ಅನ್ನು ತಿನ್ನುತ್ತವೆ. ಸಾರಜನಕದ ಆಕ್ಸೈಡ್ ಬಿಸಿಲಿನಲ್ಲಿ ಒಡೆದುಹೋಗುತ್ತೆ. ಆದರೆ ಧ್ರುವದ ಚಳಿಗಾಲದಲ್ಲಿ ಬಿಸಿಲೇ ಇಲ್ಲವಲ್ಲ? ಆಗ ಅದು ವಾರಗಟ್ಟಲೆ ಉಳಿದು, ಇಳಿಯುವ ಗಾಳಿಯ ಜೊತೆ ಸ್ಟ್ರಾಟೋಸ್ಫಿಯರ್‌ವರೆಗೆ ಬರುತ್ತೆ. ಹಾಗಾಗಿ ಈಗಿನ ಹವಾಮಾನ ಮಾದರಿಗಳಿಗೂ ಈ ಕಣಗಳ ಲೆಕ್ಕ ಬೇಕು.

ಒಂದು ಕಣವನ್ನು ಎಣಿಸುವುದು

ಮೊದಲ ಪ್ರಶ್ನೆ: ಎಲ್ಲಿ ನಿಂತು ಅಳೀಬೇಕು? ನಮ್ಮ ಆದಿತ್ಯ-ಎಲ್1 ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೌರಮಾರುತವನ್ನು ಅಳೆಯುತ್ತಿದೆ. ಅದು ಹೇಳೋದು ಗೇಟಿಗೆ ಯಾರು ಬಂದ್ರು ಅಂತ. ಒಳಗೆ ಎಷ್ಟು ಜನ ಬಂದ್ರು ಅನ್ನೋದನ್ನು ತೀರ್ಮಾನಿಸುವುದು ಭೂಮಿಯ ಕಾಂತಕ್ಷೇತ್ರ. ಹಾಗಾಗಿ ವಾತಾವರಣದ ನೆತ್ತಿಯ ಹತ್ತಿರವೇ ಒಂದು ಉಪಕರಣ ಬೇಕು. ನೋವಾ ಉಪಗ್ರಹಗಳು 800ರಿಂದ 850 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, ದಿನಕ್ಕೆ ಸುಮಾರು 14 ಸುತ್ತು ಹೊಡೆಯುತ್ತಿದ್ದವು.

ಸೆಮ್-2ರಲ್ಲಿ ಮುಖ್ಯವಾಗಿ ಎರಡು ಭಾಗ. ಮೊದಲನೆಯದು ಟೆಡ್. 50 ಎಲೆಕ್ಟ್ರಾನ್‌ವೋಲ್ಟ್‌ನಿಂದ 20 ಕೆಇವಿವರೆಗಿನ ಕಣಗಳು ಇದರ ಪಾಲು. ಬಾಗಿದ ಎರಡು ಲೋಹದ ಫಲಕಗಳ ನಡುವೆ ವೋಲ್ಟೇಜ್ ಕೊಟ್ಟರೆ, ಒಂದು ನಿರ್ದಿಷ್ಟ ಶಕ್ತಿಯ ಕಣ ಮಾತ್ರ ಆ ತಿರುವಿನಲ್ಲಿ ಗೋಡೆಗೆ ಬಡಿಯದೆ ಪಾರಾಗುತ್ತೆ. ವೋಲ್ಟೇಜ್ ಬದಲಿಸುತ್ತಾ ಹೋದರೆ ಪೂರ್ತಿ ಸ್ಪೆಕ್ಟ್ರಮ್ ಸಿಗುತ್ತೆ.

ಎರಡನೆಯದು ಮೆಪೆಡ್. 30 ಕೆಇವಿಗಿಂತ ಮೇಲಿನ ಕಣಗಳಿಗೆ ಸಿಲಿಕಾನ್ ಡಿಟೆಕ್ಟರ್. ಕಣ ಸಿಲಿಕಾನ್‌ಗೆ ಹೊಕ್ಕಾಗ ಪ್ರತಿ 3.6 ಎಲೆಕ್ಟ್ರಾನ್‌ವೋಲ್ಟ್‌ಗೆ ಒಂದು ಎಲೆಕ್ಟ್ರಾನ್-ಹೋಲ್ ಜೋಡಿ. 30 ಕೆಇವಿಗೆ ಸುಮಾರು 8300 ಜೋಡಿ, ಅಂದ್ರೆ ಬರೀ 1.3 ಫೆಮ್ಟೋಕೂಲಾಂಬ್ ಚಾರ್ಜ್! ಇದನ್ನು ಚಾರ್ಜ್ ಆ್ಯಂಪ್ಲಿಫೈಯರ್ ಪಲ್ಸ್ ಆಗಿ ಮಾಡುತ್ತೆ, ಕಂಪೇರೇಟರ್‌ಗಳು ಪಲ್ಸ್‌ನ ಎತ್ತರ ನೋಡುತ್ತವೆ: 30 ದಾಟಿತಾ, 100 ದಾಟಿತಾ, 300 ದಾಟಿತಾ? ದಾಟಿದರೆ ಆ ಚಾನೆಲ್‌ನಲ್ಲಿ ಒಂದು ಕೌಂಟ್. ಮೂರನೇ ಸೆಮಿಸ್ಟರ್‌ನ ಅನಲಾಗ್ ಸರ್ಕ್ಯೂಟ್ಸ್ ಕಲಿತವರಿಗೆ ಇಲ್ಲಿ ಹೊಸದೇನೂ ಇಲ್ಲ.

ಈಗ ಒಂದು ಲೆಕ್ಕ ಮಾಡೋಣ. ಮೆಪೆಡ್‌ನ ಜಿಯೊಮೆಟ್ರಿಕ್ ಫ್ಯಾಕ್ಟರ್, ಅಂದರೆ ಅದರ ಬಾಯಿಯ ವಿಸ್ತೀರ್ಣ ಮತ್ತು ಅದು ನೋಡುವ ಘನಕೋನ ಸೇರಿದ ಅಳತೆ, ಸುಮಾರು 0.01 ಚದರ ಸೆಂಟಿಮೀಟರ್-ಸ್ಟೆರೇಡಿಯನ್. ಸೆಕೆಂಡಿಗೆ 500 ಕೌಂಟ್ ಬಂತು ಅಂದ್ಕೊಳ್ಳಿ. 0.01ರಿಂದ ಭಾಗಿಸಿದರೆ 50,000 ಎಲೆಕ್ಟ್ರಾನ್, ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ಸೆಕೆಂಡಿಗೆ, ಪ್ರತಿ ಸ್ಟೆರೇಡಿಯನ್‌ಗೆ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೀಳುತ್ತಿದ್ದರೆ ಪೈಯಿಂದ ಗುಣಿಸಬೇಕು (ಅರ್ಧಗೋಳದ ಘನಕೋನ 2 ಪೈ ಇದ್ದರೂ, ಓರೆಯಾಗಿ ಬೀಳುವುದಕ್ಕೆ ಕೊಸೈನ್ ಸೇರಿ ಅರ್ಧವಾಗುತ್ತೆ). ಸುಮಾರು 1,57,000. ಸರಾಸರಿ ಶಕ್ತಿ 60 ಕೆಇವಿ ಎಂದರೆ ಉತ್ತರ ಪ್ರತಿ ಚದರ ಮೀಟರಿಗೆ 0.015 ಮಿಲಿವ್ಯಾಟ್.

ಉತ್ತರ ಬಂತು. ಆದ್ರೆ ನಡುವೆ ಒಂದು ಮಾತನ್ನು ಮೆಲ್ಲಗೆ ದಾಟಿಬಿಟ್ಟೆವು: "ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೀಳುತ್ತಿದ್ದರೆ". ಬೀಳದಿದ್ದರೆ?

ಓರೆ ಮಳೆ, ಎರಡು ಮಾಪಕ

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ನೇರ ಹೋಗೋದಿಲ್ಲ, ಬಲರೇಖೆಯ ಸುತ್ತ ಸುರುಳಿ ಸುತ್ತುತ್ತಾ ಹೋಗುತ್ತೆ. ಬಲರೇಖೆಗೂ ಅದರ ವೇಗದ ದಿಕ್ಕಿಗೂ ನಡುವಿನ ಕೋನಕ್ಕೆ ಪಿಚ್ ಕೋನ ಅಂತ ಹೆಸರು. ಧ್ರುವದ ಕಡೆ ಬಂದಂತೆ ಕ್ಷೇತ್ರ ಬಲವಾಗುತ್ತೆ, ಪಿಚ್ ಕೋನ ಹಿಗ್ಗುತ್ತೆ. 90 ಡಿಗ್ರಿ ತಲುಪಿದರೆ ಕಣ ಕನ್ನಡಿಗೆ ಬಡಿದ ಹಾಗೆ ವಾಪಸ್. ಹೀಗೆ ಉತ್ತರ-ದಕ್ಷಿಣ ಓಡಾಡುತ್ತಾ ಸಿಕ್ಕಿಬಿದ್ದ ಕಣಗಳೇ ವ್ಯಾನ್ ಆ್ಯಲೆನ್ ಪಟ್ಟಿಗಳು.

ಯಾವ ಕಣದ ಪಿಚ್ ಕೋನ ಶುರುವಿನಲ್ಲೇ ಸಣ್ಣದೋ, ಅದು ವಾಪಸಾಗುವ ಮೊದಲೇ ಗಾಳಿಗೆ ಬಡಿದು ಮುಗಿಯುತ್ತೆ. ಆ ಸಣ್ಣ ಕೋನಗಳ ಶಂಕುವಿಗೆ ಲಾಸ್ ಕೋನ್ ಅಂತಾರೆ. ನಮಗೆ ಬೇಕಾದ ಕಣಮಳೆ ಅಂದ್ರೆ ಲಾಸ್ ಕೋನ್ ಒಳಗಿನ ಕಣಗಳು ಮಾತ್ರ. ಉಳಿದವು ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗುತ್ತವೆ.

ಭೂಮಿಯನ್ನು ಒಂದು ಡೈಪೋಲ್ ಅಂತ ತಗೊಂಡ್ರೆ ಶಂಕುವಿನ ಅಗಲ ನೀವೇ ಲೆಕ್ಕ ಹಾಕಬಹುದು. ಸೈನ್ ವರ್ಗವನ್ನು ಕ್ಷೇತ್ರಬಲದಿಂದ ಭಾಗಿಸಿದ್ದು ಸ್ಥಿರ, ಇಷ್ಟೇ ನಿಯಮ. ಭೂಮಧ್ಯದಲ್ಲಿ, ಭೂಕೇಂದ್ರದಿಂದ ಐದು ಭೂತ್ರಿಜ್ಯ ದೂರದಲ್ಲಿ ಲಾಸ್ ಕೋನ್ ಬರೀ 4 ಡಿಗ್ರಿ. ಅಲ್ಲಿ ಕೂತ ಉಪಗ್ರಹಕ್ಕೆ ಅಷ್ಟು ಕಿರಿದಾದ ಶಂಕುವನ್ನು ಬೇರ್ಪಡಿಸಿ ನೋಡುವುದು ತುಂಬಾ ಕಷ್ಟ. ಅದೇ ಬಲರೇಖೆಯಲ್ಲಿ 850 ಕಿಲೋಮೀಟರ್ ಎತ್ತರಕ್ಕೆ ಬಂದರೆ ಲಾಸ್ ಕೋನ್ ಸುಮಾರು 58 ಡಿಗ್ರಿಗೆ ತೆರೆದುಕೊಳ್ಳುತ್ತೆ. ಕೆಳಕಕ್ಷೆಯ ದೊಡ್ಡ ಲಾಭ ಇದು.

ಈಗ ಮೆಪೆಡ್ ಕಡೆ ನೋಡಿ. ಅದರಲ್ಲಿ ಎಲೆಕ್ಟ್ರಾನ್‌ಗೆ ಎರಡು ಟೆಲಿಸ್ಕೋಪ್. 0 ಡಿಗ್ರಿಯದು ನೇರ ಮೇಲಕ್ಕೆ ನೋಡುತ್ತೆ, 90 ಡಿಗ್ರಿಯದು ಅಡ್ಡಕ್ಕೆ. ಎರಡಕ್ಕೂ ನೋಟದ ಅಗಲ 30 ಡಿಗ್ರಿ, ಅಂದರೆ ಅಕ್ಷದಿಂದ ಆಚೀಚೆ 15 ಡಿಗ್ರಿ. ಧ್ರುವಪ್ರದೇಶದಲ್ಲಿ ಬಲರೇಖೆಗಳು ಹೆಚ್ಚುಕಡಿಮೆ ನೆಟ್ಟಗೆ ಇರುವುದರಿಂದ 0 ಡಿಗ್ರಿಯದು ಲಾಸ್ ಕೋನ್‌ನ ಒಳಗೇ ನೋಡುತ್ತೆ. ಸರಿ, ಆದರೆ ಎಷ್ಟು ಭಾಗ? 15 ಡಿಗ್ರಿ ಶಂಕುವಿನ ಘನಕೋನವನ್ನು 58 ಡಿಗ್ರಿ ಶಂಕುವಿನದರಿಂದ ಭಾಗಿಸಿ ನೋಡಿ: ಶೇಕಡಾ 7!

ಮಳೆಮಾಪಕದ ಹೋಲಿಕೆ ತಗೊಳ್ಳಿ. ಜೋರು ಗಾಳಿಗೆ ಮಳೆ ಓರೆಯಾಗಿ ಹೊಡೀತಾ ಇದೆ. ನಿಮ್ಮ ಹತ್ತಿರ ಉದ್ದ ಕತ್ತಿನ ಎರಡು ಕೊಳವೆ ಇವೆ. ಒಂದನ್ನು ನೆಟ್ಟಗೆ ನಿಲ್ಲಿಸಿದ್ದೀರಿ, ಇನ್ನೊಂದನ್ನು ಅಡ್ಡ ಮಲಗಿಸಿದ್ದೀರಿ. ನೆಟ್ಟಗಿನದಕ್ಕೆ ನಾಲ್ಕು ಹನಿ ಬೀಳುತ್ತೆ. ಅಡ್ಡದ್ದಕ್ಕೆ ಮಳೆಯ ಜೊತೆ ಗಾಳಿ ಎರಚುವ ನೀರೂ ಹೊಕ್ಕು ತುಂಬುತ್ತೆ. ಅಂಗಳಕ್ಕೆ ಬಿದ್ದ ಮಳೆ ಎಷ್ಟು? ಎರಡೂ ಸುಳ್ಳು ಹೇಳುತ್ತಿಲ್ಲ, ಆದ್ರೆ ಎರಡರದ್ದೂ ಪೂರ್ತಿ ಉತ್ತರವಲ್ಲ.

ಕಣಗಳಲ್ಲೂ ಹೀಗೇ ಆಗುತ್ತೆ. ಪಟ್ಟಿಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳನ್ನು ಕೋರಸ್‌ನಂಥ ಪ್ಲಾಸ್ಮಾ ಅಲೆಗಳು ಸ್ವಲ್ಪ ಸ್ವಲ್ಪವೇ ತಳ್ಳಿ ಲಾಸ್ ಕೋನ್ ಒಳಗೆ ಬೀಳಿಸುತ್ತವೆ. ಅಲೆ ಬಲವಾಗಿದ್ದರೆ ಶಂಕು ಪೂರ್ತಿ ತುಂಬುತ್ತೆ, ಆಗ ಮೇಲಿನ ಪೈ ಲೆಕ್ಕ ಸರಿ. ಅಲೆ ದುರ್ಬಲವಾಗಿದ್ದರೆ ಕಣಗಳು ಶಂಕುವಿನ ಅಂಚು ದಾಟಿದ ಕೂಡಲೇ ಗಾಳಿಗೆ ಬಡಿದು ಮುಗಿಯುತ್ತವೆ, ನಡುವಿಗೆ ಬರೋದೇ ಇಲ್ಲ. 0 ಡಿಗ್ರಿ ಟೆಲಿಸ್ಕೋಪ್ ನೋಡುತ್ತಿರುವುದು ಸರಿಯಾಗಿ ಆ ಖಾಲಿ ನಡುವನ್ನು! ಅದು "ಮಳೆ ಇಲ್ಲ" ಅಂತ ವರದಿ ಕೊಡುತ್ತೆ. 90 ಡಿಗ್ರಿಯದು ಬೀಳದೆ ವಾಪಸ್ ಹೋಗುವ ಕಣಗಳನ್ನೂ ಸೇರಿಸಿ "ಭಾರೀ ಮಳೆ" ಅನ್ನುತ್ತೆ. ನಿಜ ಎರಡರ ನಡುವೆ ಎಲ್ಲೋ ಇರುತ್ತೆ.

ಇದಕ್ಕೆ ಸಂಶೋಧಕರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಕೆಲವರು 0 ಡಿಗ್ರಿಯನ್ನೇ ನಂಬಿ, ಅದು ಕನಿಷ್ಠ ಅಂದಾಜು ಅಂತ ಒಪ್ಪಿಕೊಳ್ಳುತ್ತಾರೆ. ಕೆಲವರು ಎರಡರ ಸರಾಸರಿ ತೆಗೆಯುತ್ತಾರೆ. ನಾರ್ವೆಯ ಬರ್ಗನ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಪಿಚ್ ಕೋನ ಹೇಗೆ ಹರಡುತ್ತೆ ಅಂತ ಡಿಫ್ಯೂಷನ್ ಸಮೀಕರಣ ಬಿಡಿಸಿ, ಎರಡು ಟೆಲಿಸ್ಕೋಪ್‌ಗಳ ಓದು ಎರಡಕ್ಕೂ ಹೊಂದುವ ವಕ್ರರೇಖೆ ಆರಿಸಿ, ಆಮೇಲೆ ಶಂಕುವಿನೊಳಗಿನ ಮೊತ್ತ ಕಂಡುಹಿಡಿಯುವುದು. ನಾವು ಎರಡು ಬಿಂದು ಕೊಟ್ಟರೆ ಸರಳರೇಖೆ ಎಳೀತೀವಿ. ಅವರು ಭೌತಶಾಸ್ತ್ರ ಒಪ್ಪುವ ರೇಖೆ ಎಳೆದರು.

ವೇಷ ಹಾಕಿ ಬರುವವರು

ಕೋನದ ತೊಡಕು ಮುಗಿದರೂ ಕೌಂಟ್‌ನಲ್ಲೇ ಕಲಬೆರಕೆ ಇದೆ. ಎಲೆಕ್ಟ್ರಾನ್ ಟೆಲಿಸ್ಕೋಪ್‌ನ ಮುಂದೆ ತೆಳು ನಿಕ್ಕಲ್ ಹಾಳೆಯಿದೆ, ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನು ತಡೆಯಲಿ ಅಂತ. ಆದರೆ ಸುಮಾರು 200 ಕೆಇವಿಗಿಂತ ಹೆಚ್ಚಿನ ಪ್ರೋಟಾನ್ ಅದನ್ನು ತೂರಿ ಒಳಬಂದು ಎಲೆಕ್ಟ್ರಾನ್ ಅಂತಲೇ ದಾಖಲಾಗುತ್ತೆ. ಸಿಲಿಕಾನ್‌ಗೆ ಗೊತ್ತಾಗುವುದು ಚಾರ್ಜ್ ಎಷ್ಟು ಹುಟ್ಟಿತು ಅನ್ನೋದು ಮಾತ್ರ, ತಂದವರು ಯಾರು ಅಂತ ಅಲ್ಲ. ಪ್ರೋಟಾನ್ ಟೆಲಿಸ್ಕೋಪ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಎಲೆಕ್ಟ್ರಾನ್‌ಗಳನ್ನು ಪಕ್ಕಕ್ಕೆ ಸರಿಸಲು ಆಯಸ್ಕಾಂತವಿದೆ, ಆದ್ರೆ ಅತಿ ವೇಗದ ಎಲೆಕ್ಟ್ರಾನ್ ಅದಕ್ಕೂ ಜಗ್ಗದೆ ಅತ್ಯಧಿಕ ಶಕ್ತಿಯ ಪ್ರೋಟಾನ್ ಚಾನೆಲ್‌ನಲ್ಲಿ ಬಂದು ಕೂರುತ್ತೆ.

ತಮಾಷೆ ಏನಂದ್ರೆ, ಈ ದೋಷವನ್ನೇ ಸಂಶೋಧಕರು ಬಳಸಿಕೊಂಡರು. ಪ್ರೋಟಾನ್ ಬಿರುಗಾಳಿ ಇಲ್ಲದ ಹೊತ್ತಿನಲ್ಲಿ ಆ ಚಾನೆಲ್‌ನಲ್ಲಿ ಕೌಂಟ್ ಬಂದರೆ ಅದು ಎಲೆಕ್ಟ್ರಾನೇ! ಹಾಗೆ ಮೆಪೆಡ್‌ಗೆ ಪುಕ್ಕಟೆಯಾಗಿ ನಾಲ್ಕನೇ ಎಲೆಕ್ಟ್ರಾನ್ ಚಾನೆಲ್ ಸಿಕ್ಕಿತು. ಉಳಿದ ಕಲಬೆರಕೆ ಕಳೆಯಲು ಜಿಯಂಟ್-4 ಸಾಫ್ಟ್‌ವೇರ್‌ನಲ್ಲಿ ಉಪಕರಣದ ಮಾದರಿ ಕಟ್ಟಿ, ಮಾಂಟೆ ಕಾರ್ಲೋ ವಿಧಾನದಲ್ಲಿ ಕಣಗಳನ್ನು ಹಾರಿಸಿ, ಯಾವ ಚಾನೆಲ್ ಯಾವುದಕ್ಕೆ ಎಷ್ಟು ಸ್ಪಂದಿಸುತ್ತೆ ಅಂತ ಕಂಡುಕೊಂಡರು. ಉಪಗ್ರಹ ಹಾರಿ ಹತ್ತಾರು ವರ್ಷ ಆದಮೇಲೆ ಮಾಡಿದ ಕ್ಯಾಲಿಬ್ರೇಷನ್ ಇದು.

ಮುಪ್ಪಿನ ಸಮಸ್ಯೆಯೂ ಇದೆ. ವರ್ಷಗಟ್ಟಲೆ ವಿಕಿರಣ ತಿಂದ ಪ್ರೋಟಾನ್ ಡಿಟೆಕ್ಟರ್‌ನಲ್ಲಿ ಅದೇ ಕಣಕ್ಕೆ ಸಣ್ಣ ಪಲ್ಸ್ ಬರತೊಡಗುತ್ತೆ. 30 ಕೆಇವಿ ಅಂತ ಬರೆದಿರುವ ಗಡಿ ನಿಜದಲ್ಲಿ ಮೇಲೇರಿರುತ್ತೆ. ಸೂರ್ಯ ಶಾಂತನಾದನೋ ಅಥವಾ ಉಪಕರಣ ಮಂಕಾಯಿತೋ ಅಂತ ಗೊತ್ತಾಗೋದು ಹೇಗೆ? ಹೊಸ ಉಪಗ್ರಹ ಬಂದಾಗ ಹಳೆಯದರ ಜೊತೆ ಒಂದೇ ಜಾಗದ ಓದುಗಳನ್ನು ಹೋಲಿಸಿ ತಿದ್ದಬೇಕು. ಸರಣಿ ಕಡಿಯದೆ ಇರುವುದು ಯಾಕೆ ಮುಖ್ಯ ಅನ್ನೋದಕ್ಕೆ ಇದೊಂದೇ ಕಾರಣ ಸಾಕು.

ಒಂದು ರಸ್ತೆಯ ಮಳೆಯಿಂದ ಇಡೀ ರಾಜ್ಯದ ಮಳೆ

ಇನ್ನೊಂದು ಜಿಗಿತ ಬಾಕಿ ಇದೆ. ಉಪಗ್ರಹ ಅಳೆಯುವುದು ತಾನು ಹಾದುಹೋದ ಗೆರೆಯ ಮೇಲೆ ಮಾತ್ರ. ಬೆಂಗಳೂರಿನಿಂದ ಬೀದರ್‌ಗೆ ಹೊರಟ ಬಸ್ಸಿನ ಮೇಲೆ ಮಳೆಮಾಪಕ ಕಟ್ಟಿ, ಇಡೀ ಕರ್ನಾಟಕಕ್ಕೆ ಎಷ್ಟು ಮಳೆ ಬಂತು ಅಂತ ಹೇಳಿದ ಹಾಗೆ ಇದು.

ನೋವಾದ ಡೇವಿಡ್ ಇವಾನ್ಸ್ 1980ರ ದಶಕದಲ್ಲಿ ಇದಕ್ಕೆ ಒಂದು ಉಪಾಯ ಕೊಟ್ಟರು. ಸಾವಿರಾರು ಹಾದುಹೋಗುವಿಕೆಗಳ ದತ್ತಾಂಶ ಸೇರಿಸಿ, ಚಟುವಟಿಕೆಯ ಮಟ್ಟ 1ರಿಂದ 10ರವರೆಗೆ ಹತ್ತು ಸರಾಸರಿ ನಕ್ಷೆ ಮಾಡಿದರು. ಹೊಸ ಓದು ಬಂದಾಗ ಅದು ಯಾವ ನಕ್ಷೆಗೆ ಹೊಂದುತ್ತೆ ನೋಡಿ, ಆ ನಕ್ಷೆಯ ಮೊತ್ತವೇ ಅರ್ಧಗೋಳದ ಶಕ್ತಿ ಅಂತ ಅಂದಾಜಿಸಿದರು. ಶುರುವಿನಲ್ಲಿ ಹೇಳಿದ 20, 100 ಗಿಗಾವ್ಯಾಟ್‌ಗಳು ಇಂಥ ಸಂಖ್ಯೆಗಳು. ಅವು ಟೆಡ್ ನೋಡುವ ಕಡಿಮೆ ಶಕ್ತಿಯ ಕಣಗಳ ಲೆಕ್ಕ, ಒಟ್ಟು ಶಕ್ತಿಯಲ್ಲಿ ಹೆಚ್ಚಿನ ಪಾಲು ಅವುಗಳದ್ದೇ. ಮೆಪೆಡ್ ನೋಡುವ ಕಣಗಳು ಶಕ್ತಿಯ ಮೊತ್ತದಲ್ಲಿ ಸಣ್ಣವು, ಆದರೆ ಓಝೋನ್ ಇರುವ ಕಡೆ ಇಳಿಯುವವರು ಅವರೇ.

ಹವಾಮಾನ ಮಾದರಿಗಳಿಗೆ ಬೇಕಾದ ಜಿಗಿತ ಇನ್ನೂ ದೊಡ್ಡದು. ಐಪಿಸಿಸಿ ವರದಿಗಳ ಹಿಂದಿರುವ ಸಿಮಿಪ್-6 ಯೋಜನೆಗೆ 30ರಿಂದ 1000 ಕೆಇವಿ ಎಲೆಕ್ಟ್ರಾನ್‌ಗಳ ಪರಿಣಾಮವನ್ನೂ ಶಿಫಾರಸು ಮಾಡಲಾಯಿತು. ಮೆಪೆಡ್‌ನ 0 ಡಿಗ್ರಿ ಓದುಗಳಿಗೂ ಭೂಕಾಂತೀಯ ಸೂಚ್ಯಂಕ ಎಪಿಗೂ ಇರುವ ಸಂಬಂಧ ಕಂಡುಹಿಡಿದು, ಅದರ ಸಹಾಯದಿಂದ ಉಪಗ್ರಹವೇ ಇಲ್ಲದ 19ನೇ ಶತಮಾನದ ವರ್ಷಗಳಿಗೂ ಕಣಮಳೆ ಅಂದಾಜಿಸಿದರು. ಈಗ ಯೋಚಿಸಿ: ಶೇಕಡಾ 7ರಷ್ಟು ಶಂಕು ಮಾತ್ರ ನೋಡುವ ಒಂದು ಟೆಲಿಸ್ಕೋಪ್‌ನ ಮಿತಿ, ಸೂತ್ರದ ಮೂಲಕ ನೂರೈವತ್ತು ವರ್ಷ ಹಿಂದಕ್ಕೂ ಹರಡುತ್ತೆ. 2010ರ ಏಪ್ರಿಲ್‌ನ ಒಂದೇ ಬಿರುಗಾಳಿಯನ್ನು, ಒಂದೇ ಮೆಪೆಡ್ ದತ್ತಾಂಶದಿಂದ ಹಲವು ತಂಡಗಳು ಲೆಕ್ಕ ಹಾಕಿ ಹೋಲಿಸಿದಾಗ ಉತ್ತರಗಳಲ್ಲಿ ದೊಡ್ಡ ಅಂತರ ಕಂಡಿತು. ಕೌಂಟ್ ಎಲ್ಲರಿಗೂ ಒಂದೇ. ಬೇರೆಯಾದದ್ದು ಕೋನ, ಕಲಬೆರಕೆ, ಸ್ಪೆಕ್ಟ್ರಮ್ ಬಗ್ಗೆ ಅವರವರು ಹಿಡಿದ ಊಹೆಗಳು.

ಮುಂದೇನು?

ನೋವಾದ ಹೊಸ ಧ್ರುವೀಯ ಉಪಗ್ರಹಗಳಾದ ಜೆಪಿಎಸ್‌ಎಸ್ ಸರಣಿಯಲ್ಲಿ ಸೆಮ್ ಇಲ್ಲ. ಹಳೆಯ ಮೂರು ನೋವಾ ಹೋದಮೇಲೆ ಈ ಎಣಿಕೆಯ ಭಾರ ಮೆಟಾಪ್-ಬಿ ಮತ್ತು ಮೆಟಾಪ್-ಸಿ ಮೇಲೆ ಬಿದ್ದಿದೆ, ಅವು ಹಾರಿದ್ದು 2012 ಮತ್ತು 2018ರಲ್ಲಿ. ಮುಂದಿನ ಉಪಕರಣ ಮಾಡುವವರಿಗೆ ಮೆಪೆಡ್ ಕಲಿಸಿದ ಪಾಠ ಸ್ಪಷ್ಟ: ಕೌಂಟ್ ಹೆಚ್ಚಿಸುವುದಕ್ಕಿಂತ ಕೋನಗಳನ್ನು ಹೆಚ್ಚಿಸಿ. ಎರಡು ದಿಕ್ಕಿನ ಬದಲು ಎಂಟು-ಹತ್ತು ದಿಕ್ಕಿನಲ್ಲಿ ನೋಡಿದರೆ ಲಾಸ್ ಕೋನ್ ಒಳಗಿನದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಇದು ಕ್ಯೂಬ್‌ಸ್ಯಾಟ್ ಗಾತ್ರದಲ್ಲೂ ಆಗುವ ಕೆಲಸ.

ಅಲ್ಲಿವರೆಗೆ ಹಳೆಯ ದತ್ತಾಂಶವಂತೂ ಇದೆ. ನೋವಾದ ಭಂಡಾರದಲ್ಲಿ ಮೆಪೆಡ್ ಓದುಗಳು ಎಲ್ಲರಿಗೂ ಉಚಿತ, ಪೈಥಾನ್ ಗೊತ್ತಿದ್ದರೆ ತೆರೆಯಬಹುದು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇರೋರು ಒಂದು ಕೆಲಸ ಮಾಡಿ. 2010ರ ಏಪ್ರಿಲ್ ತೆಗೆದುಕೊಂಡು 0 ಮತ್ತು 90 ಡಿಗ್ರಿ ಕೌಂಟ್‌ಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿ ನೋಡಿ. ಎರಡು ಗೆರೆಗಳು ಹತ್ತಿರ ಬಂದಾಗ ಶಂಕು ತುಂಬಿದೆ, ದೂರ ಸರಿದಾಗ ಖಾಲಿಯಿದೆ. ಆ ಅಂತರವನ್ನು ಹೇಗೆ ತುಂಬುತ್ತೀರಿ ಅನ್ನೋದರ ಮೇಲೆ ನಿಮ್ಮ ಗಿಗಾವ್ಯಾಟ್ ನಿಂತಿದೆ.